ಕೂಡಿ ಕೊಂಡ ಜಮೀನು: ಹಣದ ಪಾಲು, ದುಡಿಮೆಯ ಪಾಲು

ಅಕ್ಕಪಕ್ಕದ ಕುಟುಂಬಗಳು ಹಣ ಕೂಡಿಸಿ ಜಮೀನು ಕೊಳ್ಳುವುದಕ್ಕೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಊರಿನಲ್ಲೇ ಬೇಸಾಯ ಮಾಡುವವರು, ತಮ್ಮ ಹೊಲಗಳ ನಡುವಿನ ತುಂಡು ಹೊರಗಿನವರ ಕೈ ಸೇರಿದರೆ ಬಂಡಿದಾರಿಯೂ ನೀರಿನ ಕಾಲುವೆಯೂ ತಕರಾರಿಗೆ ಬೀಳುತ್ತವೆಂಬ ಅಂಜಿಕೆಯಿಂದ ಕೂಡಿ ಕೊಳ್ಳುತ್ತಾರೆ. ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದವರು, ಊರಿನ ನಂಟು ಉಳಿಯಲೆಂದೂ ಒಬ್ಬರಿಂದಾಗದ ಬೆಲೆಯನ್ನು ನಾಲ್ವರು ಹೊರಬಹುದೆಂದೂ ಊರಿನ ನೆರೆಯವರೊಡನೆ ಸೇರುತ್ತಾರೆ. ಈ ಎರಡನೆಯ ಬಗೆಯ ಖರೀದಿಗೆ 2020ರಲ್ಲಿ ದಾರಿ ಸಲೀಸಾಯಿತು: ಕೃಷಿಯೇತರ ಆದಾಯಕ್ಕೆ ಮಿತಿ ಹಾಕಿ, ಬೇಸಾಯಗಾರರಲ್ಲದವರು ಕೃಷಿ ಜಮೀನು ಹೊಂದುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ 79ಎ ಮತ್ತು 79ಬಿ ಕಲಮುಗಳು ಆ ವರ್ಷದ ತಿದ್ದುಪಡಿಯಿಂದ ರದ್ದಾದವು. ಆದರೆ ಕೊಳ್ಳುವುದು ಸಲೀಸಾದಷ್ಟು ಕೂಡಿ ನಡೆಸುವುದು ಸಲೀಸಾಗಿಲ್ಲ. ಜಂಟಿ ಜಮೀನು ಬೆಲೆಯ ವಿಚಾರಕ್ಕೆ ಕೆಡುವುದಕ್ಕಿಂತ ಹೆಚ್ಚಾಗಿ, ಹಾಕಿದ ಹಣ ಲೆಕ್ಕಕ್ಕೆ ಬಂದು ಮಾಡಿದ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುವುದರಿಂದ ಕೆಡುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಕೊಳ್ಳುವ ಮೊದಲು ನೋಡಬೇಕಾದದ್ದು ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ಅಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಎಲ್ಲರ ಕಣ್ಣು ಬಿದ್ದಿರುವ ಶ್ರೀರಂಗಪಟ್ಟಣದಲ್ಲಿ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ವರೆಗೆ ಅನುಮತಿ ಬೇಕು. ಹೀಗಾಗಿ ತೋಟದ ಮನೆಯ ಆಸೆಯಿಂದ ಕೊಳ್ಳುವವರು ಪಹಣಿಗಿಂತ ಮೊದಲು ಈ ಅಂತರವನ್ನು ಅಳೆಸಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿರುವ ಪಾಂಡವಪುರದಲ್ಲೂ ಹೇಮಾವತಿಯ ನೀರು ಹರಿಯುವ ಕೆ.ಆರ್. ಪೇಟೆಯಲ್ಲೂ ಜಮೀನಿನ ಬೆಲೆ ನಿಂತಿರುವುದು ತೂಬಿನಿಂದ ಅದು ಎಷ್ಟು ದೂರವಿದೆ ಎಂಬುದರ ಮೇಲೆ. ಮಳೆ ಮತ್ತು ಬೋರ್‌ವೆಲ್ಲನ್ನೇ ಬಹುಮಟ್ಟಿಗೆ ನಂಬಿ ರಾಗಿ, ಹುರುಳಿ, ತೆಂಗು ಬೆಳೆಯುವ ನಾಗಮಂಗಲದಲ್ಲಿ, ಬೋರ್‌ವೆಲ್ ವಿಫಲವಾದರೆ ಆ ಖರ್ಚನ್ನು ಹೊರುವವರು ಯಾರು ಎಂಬುದು ಖರೀದಿಗೆ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳಬಾರದೆಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮೂಲ ಕುಟುಂಬ ಮರಳಿ ಕೇಳುವುದಕ್ಕೆ ಕಾಲಮಿತಿಯೂ ಇಲ್ಲವಾದ್ದರಿಂದ, ಮೂಲ ಮಂಜೂರಾತಿಯ ದಾಖಲೆಯನ್ನು ಓದದೆ ಮುಂಗಡ ಕೊಡುವುದು ನಾಲ್ಕು ಮನೆಗಳ ಉಳಿತಾಯವನ್ನು ಒಟ್ಟಿಗೇ ಅಪಾಯಕ್ಕೊಡ್ಡಿದಂತೆ.

ಕೂಡಿ ಕೊಂಡವರ ಹಕ್ಕನ್ನು ಕಾನೂನು ಅವಿಭಜಿತ ಪಾಲು ಎಂದು ಕರೆಯುತ್ತದೆ. ಎಂದರೆ, ಇಂಥ ಮೂಲೆ ಇಂಥವರದೆಂದು ಗೆರೆ ಎಳೆಯದೆ, ಇಡೀ ಜಮೀನಿನಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಅಂಶವೆಂದು ಇರುವ ಹಕ್ಕು. ಬೇರೆ ಕರಾರು ಇಲ್ಲದಿದ್ದರೆ ತಂತಮ್ಮ ಹಣ ಹಾಕಿದವರಿಗೆ ಆ ಹಣದ ಪ್ರಮಾಣದಲ್ಲೇ ಪಾಲು ಬರುತ್ತದೆಂದೂ, ಯಾರೆಷ್ಟು ಹಾಕಿದರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಎಲ್ಲರದೂ ಸಮಪಾಲೆಂದು ಭಾವಿಸಲಾಗುತ್ತದೆಂದೂ ಸ್ವತ್ತು ವರ್ಗಾವಣೆ ಕಾಯ್ದೆ, 1882ರ 45ನೇ ಕಲಮು ಹೇಳುತ್ತದೆ. ಎರಡು ಎಕರೆ, ಅಂದರೆ 80 ಗುಂಟೆ, ₹40 ಲಕ್ಷಕ್ಕೆ ಕುದುರಿತೆಂದೂ ನಾಲ್ಕು ಮನೆಯವರು ಕ್ರಮವಾಗಿ ₹16, ₹12, ₹8 ಮತ್ತು ₹4 ಲಕ್ಷ ಹಾಕಿದರೆಂದೂ ಇಟ್ಟುಕೊಂಡರೆ, ಅವರ ಪಾಲು 32, 24, 16 ಮತ್ತು 8 ಗುಂಟೆ. ಕ್ರಯಪತ್ರದಲ್ಲಿ ಈ ಅಂಶಗಳನ್ನು ನಮೂದಿಸದೆ ನಾಲ್ಕು ಹೆಸರುಗಳನ್ನಷ್ಟೇ ಬರೆಸಿ, ಹಣವನ್ನು ಕೈಯಲ್ಲೇ ಕೊಟ್ಟಿದ್ದರೆ, ಮುಂದೊಂದು ದಿನ ₹16 ಲಕ್ಷ ಕೊಟ್ಟವರೂ ₹4 ಲಕ್ಷ ಕೊಟ್ಟವರೂ ತಲಾ 20 ಗುಂಟೆಗೆ ನಿಲ್ಲಬೇಕಾಗಬಹುದು. ಆದ್ದರಿಂದ ಪ್ರತಿಯೊಬ್ಬರ ಹಣವೂ ಅವರವರ ಬ್ಯಾಂಕ್ ಖಾತೆಯಿಂದಲೇ ಮಾರುವವರಿಗೆ ಹೋಗಬೇಕು. ಈ ಖರೀದಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ₹3 ಲಕ್ಷ ದಾಟುವುದರಿಂದ, ಆ ಮೊತ್ತವನ್ನೂ ಪಾಲಿನ ಪ್ರಮಾಣದಲ್ಲೇ ಹಂಚಿಕೊಳ್ಳುವುದು ನ್ಯಾಯ.

ನೋಂದಣಿಯಾದ ಮೇಲೆ ಪಹಣಿಯ 9ನೇ ಕಾಲಂನಲ್ಲಿ ನಾಲ್ವರ ಹೆಸರೂ ಬಂದು ಜಂಟಿ ಖಾತೆಯಾಗುತ್ತದೆ. ಮುಂದೆ ಪೋಡಿ, ಅಂದರೆ ಅಳತೆ ಮಾಡಿಸಿ ಪ್ರತ್ಯೇಕ ಹಿಸ್ಸಾ ಮಾಡಿಸುವುದು, ಬೇಕೋ ಬೇಡವೋ ಎಂಬುದನ್ನು ನೀರು ಮತ್ತು ದಾರಿಯನ್ನು ನೋಡಿ ನಿರ್ಧರಿಸಬೇಕು. ಒಂದೇ ತೂಬು, ಒಂದೇ ಬೋರ್‌ವೆಲ್ ಇರುವಲ್ಲಿ 8 ಗುಂಟೆಯ ತುಂಡನ್ನು ಬೇರೆ ಮಾಡಿಕೊಂಡವರಿಗೆ ಚಕ್ಕುಬಂದಿ ಸಿಗುತ್ತದೆಯೇ ಹೊರತು ಬೇಸಾಯ ಮಾಡುವ ಅನುಕೂಲ ಸಿಗುವುದಿಲ್ಲ.

ದುಡಿಮೆಯ ಪ್ರಶ್ನೆ ಏಳುವುದು ಈ ಹಂತದಲ್ಲಿ. ಈ ಅಂಕಣದ ಲೇಖಕರ ಕುಟುಂಬವೂ ಪಾಲು ಹೊಂದಿರುವ, ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನ ಒಂದು ಜಮೀನಿನಲ್ಲಿ ಮೊದಲ ಬೆಳೆಯ ಲೆಕ್ಕ ಒಪ್ಪಿಸುವಾಗ, ಬಿತ್ತನೆ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಮೋಟಾರಿನ ವೈಂಡಿಂಗ್ ಎಲ್ಲವೂ ರಸೀತಿ ಸಮೇತ ಪುಸ್ತಕದಲ್ಲಿದ್ದವು. ಊರಿನಲ್ಲೇ ಇರುವ ಪಾಲುದಾರರ ಹೆಂಡತಿ ಅದನ್ನೆಲ್ಲ ಕೇಳಿಸಿಕೊಂಡು, “ಗೊಬ್ರುಕ್ಕೆ ರಸೀತಿ ಐತೆ, ರಾತ್ರಿ ಹೋಗಿ ನೀರು ಕಟ್ಟುದ್ರಲ್ಲ, ಅದುಕ್ಕೆ ರಸೀತಿ ಯಾರ್ ಕೊಡ್ತಾರೆ ಅಣ್ಣಾ?” ಎಂದು ಕೇಳಿದರು. ನಾಲೆಯ ನೀರನ್ನು ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಸರದಿ ಯಾವ ಹೊತ್ತಿಗೆ ಬಂದರೂ ಎದ್ದು ಹೋಗಿ ಮಡೆ ತಿರುಗಿಸಬೇಕು, ತಪ್ಪಿದರೆ ಮುಂದಿನ ಸರದಿಯವರೆಗೆ ಪೈರು ಒಣಗುತ್ತದೆ. ಈ ಕೆಲಸ ಬೆಂಗಳೂರಿನಲ್ಲಿರುವ ಪಾಲುದಾರರಿಂದ ಎಂದಿಗೂ ಆಗದು. ಅಂದಿನಿಂದ ಆ ಪುಸ್ತಕದ ಎಡಪುಟದಲ್ಲಿ ಹಣವನ್ನೂ ಬಲಪುಟದಲ್ಲಿ ಆಳುದಿನಗಳನ್ನೂ ಬರೆಯುವ, ದಿನದ ಕೂಲಿಯನ್ನು ಬೆಳೆಯ ಆರಂಭದಲ್ಲೇ ಗೊತ್ತುಮಾಡುವ ಕ್ರಮ ಬಂದಿತು. ದಿನಕ್ಕೆ ₹600ರಂತೆ ಬೆಳೆಯೊಂದಕ್ಕೆ 40 ದಿನದ ದುಡಿಮೆಯಾದರೆ ₹24,000. ಈ ಮೊತ್ತವನ್ನು ಲಾಭ ಹಂಚುವ ಮೊದಲೇ ದುಡಿದವರಿಗೆ ಸಲ್ಲಿಸಿ, ಉಳಿದದ್ದನ್ನು ಪಾಲಿನಂತೆ ಹಂಚಬೇಕು. ಇದನ್ನು ಉಪಕಾರವೆಂದು ಕೊಡಬಾರದು, ಹಕ್ಕೆಂದು ಕೊಡಬೇಕು, ಏಕೆಂದರೆ ಊರಿನವರ ನಿದ್ದೆಗೆಟ್ಟ ರಾತ್ರಿಗಳಿಂದ ಬಂದ ಇಳುವರಿಯನ್ನು ಗುಂಟೆಯ ಲೆಕ್ಕದಲ್ಲಷ್ಟೇ ಹಂಚಿಕೊಳ್ಳುವುದು ನೆರೆಹೊರೆಯ ಧರ್ಮಕ್ಕೆ ಸಲ್ಲದು.

ಈ ತೊಡಕು ತಪ್ಪಲೆಂದು ಜಮೀನನ್ನು ಮೂರನೆಯವರಿಗೆ ಗುತ್ತಿಗೆಗೋ ವಾರಕ್ಕೋ ಕೊಡುವ ಯೋಚನೆ ಬರುವುದು ಸಹಜ. ಆದರೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಭೂಸುಧಾರಣಾ ಕಾಯ್ದೆಯ 5ನೇ ಕಲಮು ನಿಷೇಧಿಸಿರುವುದರಿಂದ, ಬಾಯಿಮಾತಿನ ಗುತ್ತಿಗೆಗೆ ಕಾನೂನಿನ ಆಸರೆಯಿಲ್ಲ. ಪಾಲುದಾರರಲ್ಲೇ ಒಬ್ಬರು ದುಡಿದು ಕೂಲಿ ಪಡೆಯುವ ವ್ಯವಸ್ಥೆಗೆ ಈ ಕಾರಣದಿಂದಲೂ ಹೆಚ್ಚಿನ ಬೆಲೆಯಿದೆ. ಕಬ್ಬಿನ ಹಣ ಕಾರ್ಖಾನೆಯಿಂದ ಯಾರ ಹೆಸರಿನಲ್ಲಿ ಕಬ್ಬು ಸಾಗಿತೋ ಅವರ ಖಾತೆಗೇ ಬರುವುದರಿಂದ, ಅದನ್ನು ಜಂಟಿ ಬ್ಯಾಂಕ್ ಖಾತೆಗೆ ವರ್ಗಾಯಿಸುವ ಗಡುವನ್ನೂ ಬರೆದಿಡಬೇಕು.

ಮಾರುವ ಕಾಲದ ತೆರಿಗೆಯನ್ನೂ ತಿಳಿದಿರುವುದು ಲೇಸು. ಈ ನಾಲ್ಕೂ ತಾಲ್ಲೂಕು ಕೇಂದ್ರಗಳ ಜನಸಂಖ್ಯೆ 2011ರ ಜನಗಣತಿಯಂತೆ 10 ಸಾವಿರಕ್ಕೂ ಒಂದು ಲಕ್ಷಕ್ಕೂ ನಡುವೆ ಇರುವುದರಿಂದ, ಪಟ್ಟಣದ ಎಲ್ಲೆಯಿಂದ ನೇರ ಅಂತರದಲ್ಲಿ 2 ಕಿಲೋಮೀಟರ್ ಒಳಗಿನ ಕೃಷಿ ಜಮೀನು ಬಂಡವಾಳ ಆಸ್ತಿ ಎನಿಸಿ, ಮಾರಿದ ಲಾಭಕ್ಕೆ ತೆರಿಗೆ ಬರುತ್ತದೆ. ಅದರಾಚೆಯ ಗ್ರಾಮೀಣ ಜಮೀನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಮೈಸೂರಿನಂಥ ನಗರದ ಸುತ್ತ ಈ ಅಂತರ 6 ಕಿಲೋಮೀಟರ್ ಆಗುತ್ತದೆ.

ಕೊನೆಯದಾಗಿ, ಬಿಟ್ಟುಹೋಗುವ ದಾರಿ. ಪಾಲುದಾರರೊಬ್ಬರು ತೀರಿಕೊಂಡರೆ ಅವರ ಪಾಲು ಉಳಿದ ಮೂವರಿಗೆ ಹೋಗದೆ ಅವರ ವಾರಸುದಾರರಿಗೆ ಹೋಗುತ್ತದೆ, ಪೌತಿ ಖಾತೆಯಾದಾಗ ಒಂದು ಹೆಸರಿದ್ದಲ್ಲಿ ಹೆಂಡತಿ ಮಕ್ಕಳೆಲ್ಲರ ಹೆಸರು ಬರುತ್ತದೆ. ಬದುಕಿರುವವರು ತಮ್ಮ ಪಾಲನ್ನು ಯಾರಿಗೆ ಬೇಕಾದರೂ ಮಾರಬಹುದು, ಮೊದಲು ಪಾಲುದಾರರನ್ನೇ ಕೇಳಬೇಕೆಂಬ ಕಟ್ಟುಪಾಡು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು. ವಿಭಾಗಕ್ಕೆ ದಾವೆ ಬಿದ್ದು, ಜಮೀನನ್ನು ಹಂಚುವುದು ಸಮಂಜಸವಲ್ಲವೆಂದು ಕಂಡರೆ, ಅರ್ಧ ಅಥವಾ ಹೆಚ್ಚು ಪಾಲುಳ್ಳವರ ಕೋರಿಕೆಯಂತೆ ಮಾರಿ ಹಣ ಹಂಚಲು ನ್ಯಾಯಾಲಯ ಆದೇಶಿಸಬಹುದೆಂದು 1893ರ ವಿಭಾಗ ಕಾಯ್ದೆ ಹೇಳುತ್ತದೆ. ಹಾಗಾಗಿ ಪಾಲಿನ ಅಂಶ, ದುಡಿಮೆಯ ಕೂಲಿ, ನೀರು ಮತ್ತು ದುರಸ್ತಿಗೆ ಪ್ರತಿವರ್ಷ ಎತ್ತಿಡುವ ಹಣ, ಪಾಲು ಮಾರುವಾಗ ಉಳಿದವರಿಗೆ ಕೊಡಬೇಕಾದ ಕಾಲಾವಕಾಶ ಮತ್ತು ಬೆಲೆ ಕಟ್ಟುವ ವಿಧಾನ, ಇಷ್ಟನ್ನು ಮುಂಗಡ ಕೊಡುವ ಮೊದಲೇ ಬರೆದು, ವಕೀಲರಿಗೆ ತೋರಿಸಿ, ಎಲ್ಲ ಪಾಲುದಾರರ ಮನೆಯ ಹೆಂಗಸರ ಎದುರಿಗೆ ಓದಿಸಿ ಸಹಿ ಮಾಡುವುದು ಒಳ್ಳೆಯದು. ನೆರೆಯವರ ನಡುವೆ ಬರಹವೇಕೆ ಎಂದು ಹಿಂಜರಿಯುವವರಿದ್ದಾರೆ; ನಾಳೆ ಸಾಲದ ಅರ್ಜಿಗೋ ದಾರಿಯ ತಕರಾರಿಗೋ ಸಹಿಗಾಗಿ ಬಾಗಿಲು ತಟ್ಟಬೇಕಾದದ್ದು ಅದೇ ನೆರೆಯವರ ಮನೆಯನ್ನು ಎಂಬ ಕಾರಣಕ್ಕಾಗಿಯೇ ಅವರ ನಡುವಿನ ಲೆಕ್ಕ ಎಲ್ಲರ ಲೆಕ್ಕಕ್ಕಿಂತ ಚೊಕ್ಕವಾಗಿರಬೇಕು.