ದಾಳಿಂಬೆಯ ಸಿಪ್ಪೆ

ದಾಳಿಂಬೆಯನ್ನು ಸುಲಿದವರ ಬೆರಳುಗಳು ಕಂದುಗಟ್ಟುವುದು ಎಲ್ಲರೂ ಬಲ್ಲ ಸಂಗತಿ. ಸಿಪ್ಪೆಯ ಚೂರನ್ನು ಕಚ್ಚಿದರಂತೂ ನಾಲಗೆ ಮರಗಟ್ಟಿದಂತಾಗುತ್ತದೆ. ಈ ಒಗರಿಗೆ ಕಾರಣ ಟ್ಯಾನಿನ್ ಎಂಬ ದ್ರವ್ಯಗಳು. ಅವು ಪ್ರೋಟೀನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜೊಲ್ಲಿನ ಪ್ರೋಟೀನನ್ನು ಹಿಡಿದಾಗ ಬಾಯಿ ಒಣಗಿದಂತೆ ತೋರುತ್ತದೆ. ಹಸಿ ಚರ್ಮವನ್ನು ಹದಮಾಡಲು ಹಿಂದಿನವರು ಈ ಸಿಪ್ಪೆಯನ್ನು ಬಳಸುತ್ತಿದ್ದುದೂ ಇದೇ ಗುಣಕ್ಕಾಗಿ.

ಆದರೆ ಗಿಡವು ಟ್ಯಾನಿನ್ನನ್ನು ಕೂಡಿಟ್ಟಿರುವುದು ಚರ್ಮ ಹದಮಾಡುವವರಿಗಾಗಿ ಅಲ್ಲವಷ್ಟೆ! ಒಳಗೆ ಸಕ್ಕರೆ ತುಂಬಿದ ರಸ. ಹೊರಗೆ ಅದಕ್ಕಾಗಿ ಹೊಂಚುವ ಬೂಷ್ಟು, ಬ್ಯಾಕ್ಟೀರಿಯಗಳು. ನಡುವೆ ಸಿಪ್ಪೆಯೊಂದೇ ಕೋಟೆ. ಬಿರಿದ ಹಣ್ಣು ಬೇಗನೆ ಕೊಳೆಯುವುದನ್ನು ತೋಟಗಾರರು ಚೆನ್ನಾಗಿ ಬಲ್ಲರು.

ಈ ಕೋಟೆಯ ಬಲವನ್ನು ಅಳೆಯುವ ಬಗೆ ಸರಳವಾದುದು. ಒಣಗಿಸಿದ ಸಿಪ್ಪೆಯ ಪುಡಿಯನ್ನು ಆಲ್ಕೊಹಾಲಿನಲ್ಲಿ ನೆನೆಸಿ, ಸೋಸಿ, ಸಾರವನ್ನು ಪಡೆಯುತ್ತಾರೆ. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯನ್ನು ಪೋಷಕಾಂಶಗಳೊಡನೆ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಗಳನ್ನು ಸವರುತ್ತಾರೆ. ಸಾರದಲ್ಲಿ ಅದ್ದಿ ಒಣಗಿಸಿದ ಕಾಗದದ ಬಿಲ್ಲೆಯೊಂದನ್ನು ಅದರ ಮೇಲಿರಿಸುತ್ತಾರೆ. ಪಕ್ಕದಲ್ಲಿ ಬರಿಯ ಆಲ್ಕೊಹಾಲಿನಲ್ಲಿ ಅದ್ದಿ ಒಣಗಿಸಿದ ಇನ್ನೊಂದು ಬಿಲ್ಲೆಯೂ ಇರಬೇಕು. ಇಲ್ಲವಾದರೆ ಕೊಂದದ್ದು ಸಿಪ್ಪೆಯೋ ಆಲ್ಕೊಹಾಲೋ ಎಂದು ಹೇಳುವವರಾರು? 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ತಟ್ಟೆಯ ತುಂಬ ಮಬ್ಬಾದ ಪೊರೆ ಹರಡುತ್ತದೆ. ಸಾರದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತವೊಂದು ಉಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಬೆಳೆದಿಲ್ಲ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ ದಾಳಿಂಬೆ ಸಿಪ್ಪೆಯ ಸಾರವು ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯಿತು. ಗಾಯಗಳಲ್ಲಿ ಕೀವನ್ನುಂಟುಮಾಡುವ ಸ್ಟಾಫಿಲೊಕಾಕಸ್ ಇಂತಹ ಸಾರಗಳಿಗೆ ಸುಲಭವಾಗಿ ಮಣಿಯುತ್ತದೆ. ಕರುಳಿನಲ್ಲಿ ವಾಸಿಸುವ ಎಷರಿಕಿಯ ಕೋಲೈಗೆ ಹೆಚ್ಚಿನದೊಂದು ಹೊರಪೊರೆಯ ರಕ್ಷಣೆಯುಂಟು. ಆದುದರಿಂದ ಅದು ಸಾಮಾನ್ಯವಾಗಿ ಹೆಚ್ಚು ಕಾಲ ಎದುರು ನಿಲ್ಲುತ್ತದೆ.

ಇಷ್ಟನ್ನು ಕೇಳಿ ಜ್ವರ ಬಂದಾಗ ವೈದ್ಯರ ಔಷಧವನ್ನು ಬದಿಗಿಟ್ಟು ಸಿಪ್ಪೆಯ ಕಷಾಯವನ್ನು ಕುಡಿಯಹೊರಡುವವರುಂಟು. ಅವರು ತಟ್ಟೆಗೂ ದೇಹಕ್ಕೂ ಇರುವ ಅಂತರವನ್ನು ಮರೆಯುತ್ತಾರೆ. ಈ ಸಿಪ್ಪೆಯ ಮುಖ್ಯ ಟ್ಯಾನಿನ್ ಆದ ಪುನಿಕಲಾಜಿನ್ನಿನ ಅಣು ಬಹು ದೊಡ್ಡದು. ಕರುಳಿನಿಂದ ಅದು ಇದ್ದ ರೂಪದಲ್ಲಿಯೇ ರಕ್ತವನ್ನು ಸೇರುವುದು ಅತ್ಯಲ್ಪ. ಕರುಳಿನ ಬ್ಯಾಕ್ಟೀರಿಯಗಳೇ ಅದನ್ನು ಒಡೆದು ಬೇರೆ ದ್ರವ್ಯಗಳನ್ನಾಗಿ ಮಾರ್ಪಡಿಸುತ್ತವೆ. ಬಿಲ್ಲೆಯ ಸುತ್ತ ಗೆದ್ದ ಸಾರವು ರೋಗಿಯ ರಕ್ತದವರೆಗೆ ಹೋಗಿ ಕಾದುವುದೆಂದು ನಂಬಲಾಗದು.

ಆಹಾರವನ್ನು ಕೆಡದಂತೆ ಕಾಪಾಡುವ ಕೆಲಸದಲ್ಲಿ ಈ ತೊಡಕಿಲ್ಲ. ಮಾಂಸ, ಮೀನುಗಳ ಮೇಲೆ ಸಾರವನ್ನು ಲೇಪಿಸಿ ನೋಡುವ ಪ್ರಯೋಗಗಳು ನಡೆದಿವೆ. ಅಲ್ಲಿ ಎದುರಾಗುವುದು ಬೇರೆಯೇ ತೊಡಕು: ಸಾರ ಹೆಚ್ಚಾದಂತೆ ಒಗರೂ ಹೆಚ್ಚುತ್ತದೆ, ಉಣ್ಣುವವರು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.