ಇಂಗ್ಲಿಷ್ ಪದ ಕಲಿಯೋಣ: ಪೊಲ್ಯೂಟ್

 

ಈ ಸಲ ನಮ್ಮ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ಪದ ‘ಪೊಲ್ಯೂಟ್’. ಪೊಲ್ಯೂಷನ್ ಅಂದ್ರೆ ಮಾಲಿನ್ಯ ಅಂತ ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಅದು ನಾಮಪದ. ಅದರ ಕ್ರಿಯಾಪದವೇ ಪೊಲ್ಯೂಟ್. ಅಕ್ಷರಗಳು: ಪಿ, ಓ, ಎರಡು ಎಲ್, ಯು, ಟಿ, ಇ. ಒಂದು ಎಲ್ ಬಿಟ್ಟರೂ ತಪ್ಪು.

ರೂಪಗಳು: ಪೊಲ್ಯೂಟ್, ಪೊಲ್ಯೂಟೆಡ್, ಪೊಲ್ಯೂಟಿಂಗ್.

ಇದು ಸಕರ್ಮಕ ಕ್ರಿಯಾಪದ. ‘ಏನನ್ನು?’ ಅಂತ ಕೇಳಿದರೆ ವಾಕ್ಯದಲ್ಲಿ ಉತ್ತರ ಸಿಗಬೇಕು. ಉದಾಹರಣೆ: ‘ದಿ ಫ್ಯಾಕ್ಟರಿ ಪೊಲ್ಯೂಟೆಡ್ ದಿ ರಿವರ್.’ ಕಾರ್ಖಾನೆಯು ನದಿಯನ್ನು ಮಲಿನಗೊಳಿಸಿತು. ಏನನ್ನು? ನದಿಯನ್ನು.

ಇದೇ ಜಾತಿಯ ಇನ್ನೆರಡು ಪದಗಳಿವೆ, ಗೊಂದಲ ಬೇಡ.

ಕಂಟ್ಯಾಮಿನೇಟ್: ರೋಗಾಣು, ವಿಷ ಮುಂತಾದವು ಸೇರಿ ಕೆಡಿಸುವುದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬಲ್ಲಿ ಕಾಲರಾದಿಂದ ನೂರಾರು ಜನ ಸತ್ತರು. ಅಲ್ಲಿನ ಕೈಪಂಪಿನ ನೀರೇ ಕಾರಣವೆಂದು ಡಾಕ್ಟರ್ ಜಾನ್ ಸ್ನೋ ಎಂಬುವರು ತೋರಿಸಿ, ಅದರ ಹಿಡಿಯನ್ನು ತೆಗೆಸಿದರು. ಪಕ್ಕದ ಮಲದ ಗುಂಡಿಯ ಕೊಳಕು ಆ ಬಾವಿಗೆ ಇಳಿದಿತ್ತು. ಇದು ಕಂಟ್ಯಾಮಿನೇಟ್.

ಅಡಲ್ಟರೇಟ್: ಲಾಭಕ್ಕಾಗಿ ಬೇಕಂತಲೇ ಕಲಬೆರಕೆ ಮಾಡುವುದು. ಹಾಲಿಗೆ ನೀರು ಹಾಕಿದವನು ಅಡಲ್ಟರೇಟ್ ಮಾಡಿದ ಅನ್ನಬೇಕು, ಪೊಲ್ಯೂಟ್ ಮಾಡಿದ ಅನ್ನಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೊಲ್ಯೂಟ್ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಮಲಿನ ಮಾಡು. ಇನ್ನೊಂದು, ಮೈಲಿಗೆ ಮಾಡು. ಲ್ಯಾಟಿನ್ ಭಾಷೆಯಿಂದ ಬಂದ ಈ ಪದಕ್ಕೆ ‘ಪವಿತ್ರವಾದುದನ್ನು ಅಪವಿತ್ರ ಮಾಡು’ ಎಂಬುದೇ ಹಳೆಯ ಅರ್ಥ. ಹೊಗೆ, ಕೊಳಚೆ ನೀರಿನ ಅರ್ಥ ಆಮೇಲೆ ಬಂತು. ಎರಡಕ್ಕೂ ವ್ಯತ್ಯಾಸವೇನು? ಮಲಿನವಾದ ನೀರನ್ನು ಪರೀಕ್ಷೆ ಮಾಡಿ ಕಂಡುಹಿಡಿಯಬಹುದು. ಮೈಲಿಗೆಯಾದ ನೀರನ್ನು ಯಾವ ಪ್ರಯೋಗಶಾಲೆಯೂ ಕಂಡುಹಿಡಿಯಲಾರದು.

ಇದಕ್ಕೆ ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ಚವದಾರ ಕೆರೆಯೇ ಸಾಕ್ಷಿ. ಕೆರೆ ಎಲ್ಲರಿಗೂ ಸೇರಿದ್ದು ಎಂದು ಅಲ್ಲಿನ ಪುರಸಭೆ 1924ರಲ್ಲಿ ತೀರ್ಮಾನಿಸಿತ್ತು. ಆದರೂ ದಲಿತರಿಗೆ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿದರು. ವಿರೋಧಿಗಳು ಕೆರೆ ಮೈಲಿಗೆಯಾಯ್ತು ಅಂತ ಹೇಳಿ, ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಅದಕ್ಕೆ ಸುರಿಸಿ ‘ಶುದ್ಧಿ’ ಮಾಡಿದರು. ಗೆಳೆಯರೇ, ವಿಜ್ಞಾನದ ಪ್ರಕಾರ ಆ ಕೆರೆಯನ್ನು ಪೊಲ್ಯೂಟ್ ಮಾಡಿದವರು ಯಾರು? ನೀವೇ ಯೋಚಿಸಿ. ಕೊನೆಗೆ 1937ರಲ್ಲಿ ಬೊಂಬಾಯಿ ಹೈಕೋರ್ಟಿನ ತೀರ್ಪು ದಲಿತರ ಪರವಾಗಿ ಬಂತು.

ನಮ್ಮಜ್ಜಿ ಚಿಕ್ಕವರಿದ್ದಾಗ ಅವರ ಊರಿನ ದೊಡ್ಡ ಬಾವಿಗೆ ನಮ್ಮವರು ಹಗ್ಗ ಬಿಡುವ ಹಾಗಿರಲಿಲ್ಲವಂತೆ. ಯಾರಾದ್ರೂ ಸೇದಿ ಹುಯ್ಯಲಿ ಅಂತ ಬಿಂದಿಗೆ ಇಟ್ಕೊಂಡು ದೂರ ನಿಂತಿರಬೇಕಿತ್ತಂತೆ. ಬಿಸಿಲೇರುವ ತನಕ ಕಾದು ಖಾಲಿ ಬಿಂದಿಗೆ ತಂದ ದಿನಗಳೂ ಇದ್ದವಂತೆ. ಅದು ಹಳೇ ಕಾಲ ಅಂತ ನೀವು ಅನ್ನಬಹುದು. ಆದರೆ ಈಗಲೂ ಒಂದು ಮನೆಯಲ್ಲಿ ನಾನು ನೀರು ಕೇಳಿದ್ರೆ ಲೋಟ ಕೊಡಲ್ಲ, ಬೊಗಸೆಗೆ ಮೇಲಿಂದ ಹುಯ್ತಾರೆ. ಯಾರ ಮನೆ ಅಂತ ಬರೆಯಲ್ಲ. ‘ಪೊಲ್ಯೂಟ್’ ಅನ್ನುವ ಪದ ಅವರಿಗೆ ಗೊತ್ತಿಲ್ಲದೆ ಇರಬಹುದು, ಅರ್ಥ ಮಾತ್ರ ಗೊತ್ತಿದೆ.

ನಮ್ಮ ಕಾನೂನು ಈ ಎರಡು ಅರ್ಥಗಳನ್ನು ಬೇರೆ ಮಾಡಿಟ್ಟಿದೆ. 1974ರ ಜಲಮಾಲಿನ್ಯ ಕಾಯ್ದೆಯ ಪ್ರಕಾರ, ನೀರಿನ ಭೌತಿಕ, ರಾಸಾಯನಿಕ ಅಥವಾ ಜೈವಿಕ ಗುಣ ಬದಲಾಗಿ ಹಾನಿಯಾಗುವಂತಿದ್ದರೆ ಅದು ಮಾಲಿನ್ಯ. ಕುಡಿದವರ ಜಾತಿಯ ಮಾತು ಅದರಲ್ಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಆದ್ದರಿಂದ ಮನುಷ್ಯನ ಕೈ ತಾಗಿತು ಎನ್ನುವ ಕಡೆ ಈ ಕ್ರಿಯಾಪದವನ್ನು ಬಳಸುವಂತಿಲ್ಲ. ಕೈ ಕೊಳೆಯಾಗಿದ್ದರೆ ಸೋಪು ಹಾಕಿ ತೊಳೆಯಬೇಕು, ಅದು ಎಲ್ಲರ ಕೈಗೂ ಒಂದೇ ನಿಯಮ.

ಅಭ್ಯಾಸ: ಬಿಟ್ಟ ಸ್ಥಳಕ್ಕೆ ಸರಿಯಾದ ಇಂಗ್ಲಿಷ್ ಕ್ರಿಯಾಪದ ಹೇಳಿರಿ.
1. ವ್ಯಾಪಾರಿಯು ಖಾರದಪುಡಿಗೆ ಇಟ್ಟಿಗೆ ಪುಡಿ ಬೆರೆಸಿ ಅದನ್ನು ______ ಮಾಡಿದನು.
2. ಪಟ್ಟಣದ ಚರಂಡಿಯು ಕೆರೆಯನ್ನು ______ ಮಾಡಿತು.
3. ಒಬ್ಬ ಹುಡುಗಿ ಊರ ಬಾವಿಯಿಂದ ನೀರನ್ನು ______ ಮಾಡಿದಳು. (ಪೊಲ್ಯೂಟ್ / ಡ್ರಾ)

ಮೂರನೆಯದಕ್ಕೆ ಉತ್ತರ ನಾನೇ ಹೇಳಿಬಿಡ್ತೀನಿ: ಡ್ರಾ. ಡ್ರಾ ಅಂದ್ರೆ ಸೇದು.

ಏಳನೇ ತರಗತಿ