ಆಂಪಿನ ನಡುದನಿ

ಮುಂಡಗೋಡದ ಬಳಿಯ ಇಂದೂರಿನ ಭಜನೆಯಲ್ಲಿ ಹಾರ್ಮೋನಿಯಂ, ತಬಲಾ, ತಾಳ, ಹತ್ತಾರು ಕಂಠ ಒಟ್ಟಿಗೇ ಏಳುತ್ತವೆ. ಅದರೊಳಗೆ ನನ್ನ ಗಿಟಾರ್ ಕಳೆದುಹೋಗುತ್ತಿತ್ತು. 'ನಿಂದು ಕೇಳಸೂದ ಇಲ್ಲಲ್ಲೋ' ಎನ್ನುತ್ತಿದ್ದರು ಹಾರ್ಮೋನಿಯಂ ಹಿಡಿದ ಹಿರಿಯರು. ವಾಲ್ಯೂಮ್ ಏರಿಸಿದರೆ ತಂತಿಯ ಚುರುಕು ಕಿವಿಗೆ ಚುಚ್ಚುತ್ತಿತ್ತೇ ಹೊರತು ಸ್ವರಕ್ಕೆ ಮೈ ಬರುತ್ತಿರಲಿಲ್ಲ.

ಕೊರತೆ ಇದ್ದದ್ದು ಸದ್ದಿನಲ್ಲಲ್ಲ, ನಡುದನಿಯಲ್ಲಿ. ನನ್ನದು 1960ರ ದಶಕದ ಫೆಂಡರ್ ಡೀಲಕ್ಸ್ ರಿವರ್ಬ್ ನಕ್ಷೆಯಂತೆ ಕಟ್ಟಿದ ವಾಲ್ವ್ ಆಂಪ್. ಟೋನಿಗೆ ಇರುವುದು ಟ್ರೆಬಲ್, ಬೇಸ್ ಎರಡೇ ಗುಬ್ಬಿ. ಮಿಡ್ ಗುಬ್ಬಿ ಇರಬೇಕಾದಲ್ಲಿ 6.8 ಕಿಲೋ ಓಮ್‌ನ ರೆಸಿಸ್ಟರ್ ಕೂತಿದೆ. ಈ ಜೋಡಣೆ 400 ಹರ್ಟ್ಸ್ ಆಸುಪಾಸನ್ನು ತಗ್ಗಿಸುತ್ತದೆ. ಒಬ್ಬನೇ ನುಡಿಸುವಾಗ ಆ ತಗ್ಗು ಬಹಳ ಇಂಪು. ಆದರೆ ಕಂಠವೂ ಹಾರ್ಮೋನಿಯಮ್ಮೂ ತುಂಬಿಕೊಳ್ಳುವ ಜಾಗವೂ ಅದೇ.

ಬೆಸುಗೆ ಕಡ್ಡಿಗೆ ಕೈಹಾಕುವ ಮೊದಲು ಬೇಸನ್ನು 2ಕ್ಕೆ ಇಳಿಸಿ ನೋಡಬೇಕು. ತಗ್ಗು ಸಾಕಷ್ಟು ತುಂಬುತ್ತದೆ. ಎಷ್ಟೋ ಆಂಪ್‌ಗಳನ್ನು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ಬಿಚ್ಚುವುದೇ ಆದರೆ ಪ್ರಾಣದ ಮಾತು ಮೊದಲು. ಒಳಗೆ 400 ವೋಲ್ಟ್ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಹುಬ್ಬಳ್ಳಿಯ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು ನನಗೆ ಕಲಿಸಿದ್ದು ಇದನ್ನೇ: ರೆಸಿಸ್ಟರ್ ಮೂಲಕ ಇಳಿಸು, ಮೀಟರ್ ಹಿಡಿದು ನೋಡು, ಆಮೇಲೆ ಮುಟ್ಟು. ಜಾಲಹಳ್ಳಿಯ ಬಿಇಎಲ್ ರೇಡಿಯೋ ವಾಲ್ವ್ ತಯಾರಿಸುತ್ತಿದ್ದ ಕಾಲದ ಕೈ ಅವರದು. ಆ ಶಿಸ್ತಿಗೆ ನಾನು ಋಣಿ.

6.8 ಕಿಲೋದ ಜಾಗಕ್ಕೆ 25 ಕಿಲೋದ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಹಾಕಿ, ಹಿಂಬದಿಯ ಖಾಲಿ ತೂತಿನಲ್ಲಿ ಕೂರಿಸಿದೆ. ಮುಂಭಾಗಕ್ಕೆ ಡ್ರಿಲ್ ಮುಟ್ಟಿಸಲಿಲ್ಲ. ಪಾಟಿನ ನಡುಕಾಲನ್ನು ಒಂದು ತುದಿಗೆ ಸೇರಿಸಿ ಬೆಸೆಯಬೇಕು. ಒಳಗಿನ ಸ್ಪರ್ಶ ತಪ್ಪಿದರೂ 25 ಕಿಲೋ ಉಳಿದಿರುತ್ತದೆ, ಸರ್ಕ್ಯೂಟ್ ಕಡಿಯುವುದಿಲ್ಲ. ಪೂರ್ತಿ ತಿರುಗಿಸಿದಾಗ ತಗ್ಗು ಹೆಚ್ಚುಕಡಿಮೆ ಮುಚ್ಚಿಹೋಗಿ, ಗಿಟಾರ್ ಹಾರ್ಮೋನಿಯಂ ಪಕ್ಕದಲ್ಲೇ ಕೂತು ಹಾಡಿದಂತೆ ಕೇಳಿತು. ಫೆಂಡರಿನ ಹಳೆಯ ಬೇಸ್‌ಮನ್ ಆಂಪಿನಂತೆ ಟೋನ್ ಸರ್ಕ್ಯೂಟಿನ 100 ಕಿಲೋದ ಸ್ಲೋಪ್ ರೆಸಿಸ್ಟರನ್ನು 56ಕ್ಕೆ ಇಳಿಸಿಯೂ ನೋಡಿದೆ. ನಡುದನಿ ಇನ್ನೂ ಏರಿತು, ಆದರೆ ಈ ಆಂಪಿನ ತಿಳಿಯಾದ ಹೊಳಪು ಹೋಯಿತು. ಆ ಹೊಳಪಿಗಾಗಿಯೇ ಇದನ್ನು ಇಟ್ಟುಕೊಂಡವನು ನಾನು; 100ನ್ನೇ ಮರಳಿ ಹಾಕಿದೆ.

ನಮ್ಮ ಕಡೆಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ತೇವ ಹೀರಿ ಬೆಲೆ ಬದಲಿಸುತ್ತದೆ, ಅದಕ್ಕೇ ಮೆಟಲ್ ಫಿಲ್ಮ್ ಬಳಸಿದ್ದೇನೆ. ಈ ನಕ್ಷೆಯಲ್ಲಿ ಟೋನ್ ಕೆಪಾಸಿಟರ್‌ಗಳು ವಾಲ್ವಿನ ಪ್ಲೇಟ್ ವೋಲ್ಟೇಜನ್ನು ತಡೆದು ನಿಂತಿರುತ್ತವೆ. 600 ವೋಲ್ಟಿನವೇ ಇರಲಿ. ಗುಬ್ಬಿ ತಿರುಗಿಸುವಾಗ ಕರಕರ ಎಂದರೆ ಕ್ಲೀನರ್ ಹೊಡೆಯುವ ಮುನ್ನ ಪಾಟಿನ ಮೇಲೆ ಡಿಸಿ ಇದೆಯೇ ಎಂದು ಅಳೆಯಿರಿ. ಇದ್ದರೆ ಕೆಪಾಸಿಟರ್ ಸೋರುತ್ತಿದೆ ಎಂದೇ ಅರ್ಥ.

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಗೆಳೆಯನೊಬ್ಬ ತನ್ನ ಆಂಪಿಗೂ ಇದನ್ನೇ ಮಾಡಿಕೊಡೆಂದ. ಅವನು ನುಡಿಸುವುದು ಟಿಬೆಟನ್ ತಂತಿವಾದ್ಯ ಡ್ರಾನ್ಯೆನ್ ಮತ್ತು ಒಂದೇ ಕಂಠದ ಜೊತೆ, ಹಾರ್ಮೋನಿಯಂ ಇಲ್ಲ. ಅಲ್ಲಿ 25 ಬೇಕಾಗಲಿಲ್ಲ. ಫೆಂಡರಿನ ಟ್ವಿನ್ ರಿವರ್ಬ್‌ನಲ್ಲಿ ಇರುವಂತೆ 10 ಕಿಲೋದ ಪಾಟೇ ಸಾಕಾಯಿತು.